ಮಗುವಿನದೇ ಬಣ್ಣದ ಹಾಳೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಣ್ಣ ತುಂಬುವ ಪುಸ್ತಕಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಇರುವುದು ಯಾರದೋ ಮೊಲ, ಯಾರದೋ ಮನೆ. ಮಗುವಿನ ಮುಖ, ಅದು ಸಾಕಿದ ಬೆಕ್ಕು, ಅದು ನಿನ್ನೆ ಕಟ್ಟಿ ಹೇಳಿದ ಕತೆ ಹಾಳೆಯ ಮೇಲೆ ಬಂದರೆ ಬಣ್ಣ ಹಚ್ಚುವ ಉಮೇದೇ ಬೇರೆ. ಅಂಥ ಹಾಳೆಗಳನ್ನು ಮಕ್ಕಳ ಜೊತೆ ಕುಳಿತು ಮಾಡುವವರಿಗೆ ಏಳುವ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಉತ್ತರಗಳಲ್ಲಿ ನನ್ನ ಪಕ್ಷಪಾತವಿದೆ: ಹಾಳೆಯಲ್ಲಿ ಏನಿರಬೇಕು, ಏನು ಬೇಡ ಎಂಬುದರಲ್ಲಿ ಮಗುವಿನ ಮಾತು ನಡೆಯಬೇಕು. ನಾವೇ ಎಲ್ಲ ಮುಗಿಸಿ ಕೈಗಿಟ್ಟ ಹಾಳೆ ಎಷ್ಟೇ ಚೆಂದವಿರಲಿ, ಅದು ದೊಡ್ಡವರ ಹಾಳೆ.

ಹಾಳೆಯ ಮೇಲೆ ಮಗುವಿನ ಹೆಸರು ಅಚ್ಚು ಹಾಕಿಸಿದರೆ ಸಾಲದೇ?

ಹೆಸರು ಶುರುವಾತಿಗೆ ಸರಿ. ಆದರೆ ಮೇಲೆ ಹೆಸರು, ಕೆಳಗೆ ಎಲ್ಲರಿಗೂ ಕೊಡುವ ಅದೇ ಚಿಟ್ಟೆ ಇದ್ದರೆ ಮಗುವಿಗೆ ಅದು ಬಹಳ ಬೇಗ ತಿಳಿದುಹೋಗುತ್ತದೆ. ಹಾಳೆ ತನ್ನದು ಅನ್ನಿಸುವುದು ಸಣ್ಣ ವಿವರಗಳಿಂದ: ಉದುರಿದ ಮುಂದಿನ ಹಲ್ಲು, ಒಂದು ಕಿವಿ ಹರಿದ ಗೊಂಬೆ, ಯಾವಾಗಲೂ ಬಿಚ್ಚಿಕೊಳ್ಳುವ ಬೂಟಿನ ಲೇಸು.

ಪೆನ್ಸಿಲ್ ಹಿಡಿಯುವ ಮೊದಲು ಮಗುವನ್ನು ಎರಡು ಮಾತು ಕೇಳಿ. “ಇದರಲ್ಲಿ ಏನಿರಲೇಬೇಕು?” ಮತ್ತು “ಏನು ಇರಬಾರದು?” ಮೊದಲ ಪ್ರಶ್ನೆಗೆ ಪಟ್ಟಿ ಉದ್ದವಾಗಿ ಬರುತ್ತದೆ; ಮೂರಕ್ಕೆ ನಿಲ್ಲಿಸಲು ಹೇಳಿ. ಎರಡನೆಯದರ ಉತ್ತರ ಚಿಕ್ಕದು, ಆದರೆ ಅದರಿಂದಲೇ ಹೆಚ್ಚು ತಿಳಿಯುತ್ತದೆ. “ಕನ್ನಡಕ ಬೇಡ” ಎಂದು ಮಗು ಹೇಳಿದರೆ ಬಿಟ್ಟುಬಿಡಿ, ವಾದಿಸಬೇಡಿ. ಬಣ್ಣ ಹಚ್ಚುವಾಗ ತಾನೇ ಬರೆದುಕೊಳ್ಳುವ ಮಕ್ಕಳೂ ಇದ್ದಾರೆ.

ಯಾವ ವಯಸ್ಸಿನಿಂದ ಶುರು ಮಾಡಬಹುದು?

ಹದಿನೆಂಟು ತಿಂಗಳ ಆಸುಪಾಸಿನಲ್ಲಿ ಮಗು ಗೀಚಲು ತೊಡಗುತ್ತದೆ. ಆ ಹಂತದಲ್ಲಿ ಗೆರೆಚಿತ್ರದ ಅಗತ್ಯವೇ ಇಲ್ಲ, ಖಾಲಿ ಹಾಳೆ ಕೊಡಿ. ಎರಡೂವರೆ, ಮೂರರ ಹೊತ್ತಿಗೆ ಹಾಳೆ ತುಂಬ ಒಂದೇ ಆಕೃತಿ ಇರುವ ಚಿತ್ರ ಹಿಡಿಸುತ್ತದೆ: ಬೆಕ್ಕಿನ ಮುಖ, ಬೂಟು, ಅಂಗೈಯ ಅಚ್ಚು. ಅಂಗೈ ಅಂತೂ ಅತ್ಯಂತ ಸುಲಭದ ಸ್ವಂತ ಹಾಳೆ. ಕೈಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದರೆ ಮುಗಿಯಿತು. ನಾಲ್ಕು, ಐದರಲ್ಲಿ ಪಾತ್ರಗಳೂ ಹಿನ್ನೆಲೆಯೂ ಬರಬಹುದು. ಏಳು ದಾಟಿದ ಮಕ್ಕಳು ವಿವರ ಬೇಡುತ್ತಾರೆ, ಹಾಳೆಯನ್ನು ತಾವೇ ವಿನ್ಯಾಸ ಮಾಡುತ್ತೇವೆ ಎಂದು ಹಟವನ್ನೂ ಹಿಡಿಯುತ್ತಾರೆ. ಹಿಡಿಯಲಿ.

ನನಗೆ ಚಿತ್ರ ಬಿಡಿಸಲು ಬರುವುದೇ ಇಲ್ಲ. ಏನು ಮಾಡಲಿ?

ನಕಲು ತೆಗೆಯಲು ಬಂದರೆ ಸಾಕು. ಹಗಲಿನಲ್ಲಿ ಕಿಟಕಿಯ ಗಾಜಿಗೆ ಫೋಟೊದ ಪ್ರಿಂಟ್ ಅಂಟಿಸಿ, ಅದರ ಮೇಲೆ ತೆಳುವಾದ ಬಿಳಿ ಹಾಳೆ ಇಡಿ. ಬೆಳಕು ಹಾಯ್ದು ಫೋಟೊದ ಅಂಚುಗಳು ಎದ್ದು ಕಾಣುತ್ತವೆ; ಪೆನ್ಸಿಲಿನಲ್ಲಿ ತಿದ್ದುತ್ತ ಹೋಗಿ. ಕೈ ಬೇಗ ಸೋಲುತ್ತದೆ ಎನ್ನುವವರು ಟ್ರೇಸಿಂಗ್ ಕಾಗದ ಬಳಸಬಹುದು. ರಾತ್ರಿಯಾದರೆ ಟ್ಯಾಬ್ಲೆಟ್‌ನ ಬೆಳಕು ಪೂರ್ತಿ ಏರಿಸಿ, ಪರದೆ ಬೆರಳಿಗೆ ಅಲುಗಾಡದಂತೆ ಲಾಕ್ ಮಾಡಿ, ಅದರ ಮೇಲೇ ಹಾಳೆ ಹಾಸಿ. ಪೆನ್ಸಿಲ್ ಮಾತ್ರ ಮೆತ್ತಗಿರಲಿ, ಒತ್ತಬೇಡಿ.

ಯಾವ ಫೋಟೊ ಆರಿಸಬೇಕು?

ಮನೆಯವರಿಗೆ ಇಷ್ಟವಾದ ಫೋಟೊ ಸಾಮಾನ್ಯವಾಗಿ ಈ ಕೆಲಸಕ್ಕೆ ಒದಗುವುದಿಲ್ಲ. ನೆರಳು, ಮಬ್ಬು, ಹಿಂದೆ ಹತ್ತು ಸಾಮಾನು. ಗೆರೆಗೆ ಬೇಕಾದದ್ದು ಸ್ಪಷ್ಟ ಅಂಚು: ಬರಿಯ ಗೋಡೆಯ ಮುಂದೆ, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆದದ್ದು. ಕಪ್ಪು ಕೂದಲಿನ ಮಗು ಕಪ್ಪು ಸೋಫಾದ ಮುಂದೆ ಕುಳಿತಿದ್ದರೆ ತಲೆ ಎಲ್ಲಿ ಮುಗಿಯಿತು ಎಂದು ನಿಮಗೂ ತಿಳಿಯುವುದಿಲ್ಲ, ಯಂತ್ರಕ್ಕೂ ತಿಳಿಯುವುದಿಲ್ಲ. ನೇರ ಎದುರಿನ ಮುಖಕ್ಕಿಂತ ತುಸು ಓರೆಯಾಗಿ ತಿರುಗಿದ ಮುಖದಲ್ಲಿ ಹೋಲಿಕೆ ಬೇಗ ಸಿಗುತ್ತದೆ, ಏಕೆಂದರೆ ಮೂಗಿನ ಮತ್ತು ಕೆನ್ನೆಯ ಗೆರೆ ತಾವಾಗಿ ಕಾಣುತ್ತವೆ.

ಫೋಟೊವನ್ನು ವಾಟ್ಸ್‌ಆಪ್‌ನಲ್ಲಿ ಮಾಮೂಲಿಯಾಗಿ ಕಳುಹಿಸಿದರೆ ಅದು ಕುಗ್ಗಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿ.

ಫೋಟೊ ನೋಡಿಯೇ ತಿದ್ದಿದೆ. ಆದರೂ ಮಗು ಮುದುಕರಂತೆ ಕಾಣುತ್ತದಲ್ಲ?

ಇದು ಎಲ್ಲರಿಗೂ ಆಗುತ್ತದೆ. ಕಾರಣ, ಫೋಟೊದಲ್ಲಿ ಕಂಡ ಪ್ರತಿಯೊಂದು ನೆರಳನ್ನೂ ಗೆರೆ ಮಾಡಿಬಿಡುತ್ತೇವೆ. ಫೋಟೊದಲ್ಲಿ ಮೆಲ್ಲಗೆ ಕರಗುವ ನೆರಳು ಪೆನ್ನಿನಲ್ಲಿ ಸುಕ್ಕಾಗುತ್ತದೆ.

ಹಲ್ಲಿನಿಂದ ಶುರು ಮಾಡಿ. ನಗುವ ಬಾಯಿಯಲ್ಲಿ ಒಂದೊಂದು ಹಲ್ಲಿಗೂ ನಡುವೆ ಗೀಟು ಹಾಕಿದರೆ ಮಗುವಿನ ವಯಸ್ಸು ಅಲ್ಲೇ ಐವತ್ತಾಗುತ್ತದೆ. ಮೇಲಿನ ಸಾಲನ್ನು ಒಂದೇ ಬಿಳಿ ಪಟ್ಟಿಯಾಗಿ ಬಿಡಿ. ಹಲ್ಲು ಬಿದ್ದಿದ್ದರೆ ಆ ಸಂದಿಯನ್ನು ಮಾತ್ರ ತೋರಿಸಿ. ಮೂಗಿಗೆ ಎರಡೂ ಬದಿಯ ಗೆರೆ ಬೇಡ, ಕೆಳಗೆ ಒಂದು ಬಾಗು ಸಾಕು. ಕಣ್ಣಿನ ಕೆಳಗಿನ ಗೆರೆಯನ್ನೂ ಮೂಗಿನ ಪಕ್ಕದಿಂದ ಬಾಯಿಯ ತುದಿಗೆ ಇಳಿಯುವ ಗೆರೆಯನ್ನೂ ಪೂರ್ತಿ ಬಿಡಿ, ವಯಸ್ಸು ಏರಿಸುವುದು ಅವೇ. ಕಣ್ಣುಗಳು ಮುಖದ ನಡುಮಟ್ಟಕ್ಕಿಂತ ತುಸು ಕೆಳಗಿರಲಿ. ಮಕ್ಕಳ ಹಣೆ ದೊಡ್ಡದು, ದೊಡ್ಡವರು ಬಿಡಿಸುವಾಗ ಅದನ್ನು ಕತ್ತರಿಸಿಬಿಡುತ್ತಾರೆ.

ಕಪ್ಪು ಕೂದಲನ್ನು ಕಪ್ಪಾಗಿ ತುಂಬಬೇಡಿ. ಹೊರ ಅಂಚು, ಬೈತಲೆ, ಬೀಳುವ ದಿಕ್ಕಿನಲ್ಲಿ ನಾಲ್ಕೈದು ಎಳೆ, ಅಷ್ಟೇ. ತುಂಬುವುದು ಮಗುವಿನ ಕೆಲಸ. ನೇರಳೆ ಕೂದಲು ಬೇಕೆಂದು ಅದಕ್ಕೆ ಅನ್ನಿಸಿದರೆ ಜಾಗ ಉಳಿದಿರಬೇಕಲ್ಲ.

ಹೋಲಿಕೆ ಇನ್ನೂ ಬರಲಿಲ್ಲವೇ? ಮುಖ ಬಿಟ್ಟು ಉಳಿದದ್ದರ ಮೇಲೆ ಕೈಯಿಡಿ. ಜಡೆಯ ರೀತಿ, ಅಂಗಿಯ ಜೇಬು, ನಿಲ್ಲುವ ಭಂಗಿ ಸರಿಯಾಗಿದ್ದರೆ ಎರಡು ಚುಕ್ಕೆ ಕಣ್ಣು, ಒಂದು ಬಾಗು ಬಾಯಿ ಇಟ್ಟರೂ ಮಗು “ಇದು ನಾನೇ” ಎನ್ನುತ್ತದೆ.

ಕಂಪ್ಯೂಟರಿನಲ್ಲಿ ಫೋಟೊವನ್ನು ಗೆರೆಚಿತ್ರ ಮಾಡುವುದು ಹೇಗೆ?

ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಹಳೆಯದೊಂದು ಉಪಾಯವಿದೆ. ಫೋಟೊದ ಬಣ್ಣ ತೆಗೆದು ಬೂದು ಮಾಡಿ. ಆ ಪದರದ (ಲೇಯರ್) ಇನ್ನೊಂದು ಪ್ರತಿ ಮಾಡಿ, ಪ್ರತಿಯನ್ನು ಇನ್ವರ್ಟ್ ಮಾಡಿ, ಅಂದರೆ ಕಪ್ಪು ಬಿಳುಪಾಗಿ, ಬಿಳುಪು ಕಪ್ಪಾಗಿ ತಿರುಗಬೇಕು. ಆ ಮೇಲಿನ ಪದರಕ್ಕೆ ಗಾಸಿಯನ್ ಬ್ಲರ್ ಕೊಟ್ಟು ಮಬ್ಬು ಮಾಡಿ, ಅದರ ಮೋಡ್ ಅನ್ನು ಡಾಡ್ಜ್ ಎಂದು ಬದಲಿಸಿ. ಒಂದೇ ಬಣ್ಣದ ಜಾಗವೆಲ್ಲ ಬಿಳಿಯಾಗಿ ಅಳಿದುಹೋಗುತ್ತದೆ, ಅಂಚುಗಳು ಮಾತ್ರ ಪೆನ್ಸಿಲ್ ಗೆರೆಯಂತೆ ಉಳಿಯುತ್ತವೆ. ಬ್ಲರ್ ಹೆಚ್ಚಿಸಿದಷ್ಟೂ ಗೆರೆ ದಪ್ಪ. ಕೊನೆಯಲ್ಲಿ ಪದರಗಳನ್ನು ಕೂಡಿಸಿ, ತ್ರೆಶ್‌ಹೋಲ್ಡ್ ಬಳಸಿ ಬೂದನ್ನು ಪೂರ್ತಿ ತೆಗೆಯಿರಿ.

ಇಂಕ್‌ಸ್ಕೇಪ್ ಎಂಬ ಇನ್ನೊಂದು ಉಚಿತ ತಂತ್ರಾಂಶದಲ್ಲಿ ‘ಟ್ರೇಸ್ ಬಿಟ್‌ಮ್ಯಾಪ್’ ಇದೆ. ಅದು ಗೆರೆಗಳನ್ನು ವೆಕ್ಟರ್, ಅಂದರೆ ಚುಕ್ಕೆಗಳ ಬದಲು ಲೆಕ್ಕದಿಂದ ಮೂಡುವ ಗೆರೆ ಮಾಡುವುದರಿಂದ ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ಅಲ್ಲಿ ‘ಎಡ್ಜ್ ಡಿಟೆಕ್ಷನ್’ ಆರಿಸಿದರೆ ಒಂದೇ ಗೆರೆಗೆ ಎರಡು ಅಂಚು ಬಂದು ಜೋಡಿ ಗೆರೆಯಾಗುತ್ತದೆ, ಜೋಪಾನ.

ಯಾವ ದಾರಿ ಹಿಡಿದರೂ ಯಂತ್ರ ಕೊಟ್ಟ ಚಿತ್ರ ಅಂತಿಮವಲ್ಲ. ಅಂಗಿಯ ನೆರಿಗೆ, ಗೋಡೆಯ ಕಲೆ ಎಲ್ಲವೂ ಚುಕ್ಕೆ ಚುಕ್ಕೆಯಾಗಿ ಬಂದಿರುತ್ತದೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಳಿಸುವ ಕೆಲಸ ಅದಕ್ಕೇ ಕೊಡಿ. ಬರೆಯುವುದಕ್ಕಿಂತ ಅಳಿಸುವುದರಲ್ಲಿ ಮಕ್ಕಳಿಗೆ ಖುಷಿ ಹೆಚ್ಚು.

ಎಐಗೆ ಹೇಳಿದರೆ ಕ್ಷಣದಲ್ಲಿ ಮಾಡಿಕೊಡುತ್ತದಲ್ಲ, ಇಷ್ಟೆಲ್ಲ ಯಾಕೆ?

ಮಾಡಿಕೊಡುತ್ತದೆ, ಮತ್ತು ಕೆಲವು ಕೆಲಸಕ್ಕೆ ಅದು ಒಳ್ಳೆಯದೇ. ಮಗು ಹೇಳಿದ ಅಸಾಧ್ಯ ದೃಶ್ಯ, ಹಾರುವ ಆಮೆಯ ಬೆನ್ನ ಮೇಲೆ ಗ್ರಂಥಾಲಯ ಎಂಬಂಥದ್ದು, ಕೈಯಿಂದ ಬಿಡಿಸಲು ನಮ್ಮಲ್ಲಿ ಬಹುಮಂದಿಗೆ ಆಗದು. ಹಾಗೆ ಮಾಡಿಸುವಾಗ ಬಿಳಿ ಹಿನ್ನೆಲೆ, ದಪ್ಪ ಕಪ್ಪು ಹೊರಗೆರೆ, ಬೂದು ನೆರಳು ಬೇಡ, ಅಕ್ಷರ ಬೇಡ ಎಂದು ಸ್ಪಷ್ಟವಾಗಿ ಬರೆಯಿರಿ. ಬಂದ ಚಿತ್ರದಲ್ಲಿ ಬೆರಳುಗಳನ್ನು ಎಣಿಸಿ. ಗೆರೆಗಳು ಎಲ್ಲಿಗೂ ಸೇರದೆ ಅರ್ಧಕ್ಕೆ ನಿಂತಿವೆಯೇ ನೋಡಿ. ಕನ್ನಡ ಅಕ್ಷರ ಬರೆಸಲು ಹೋದರೆ ಒತ್ತಕ್ಷರ ಎಲ್ಲೋ, ಗುಣಿತ ಎಲ್ಲೋ ಆಗಿ ಅಕ್ಷರದಂತೆ ತೋರುವ ಏನೋ ಒಂದು ಬರುವುದುಂಟು. ಹೆಸರನ್ನು ನೀವೇ ಟೈಪ್ ಮಾಡಿ ಸೇರಿಸುವುದೇ ವಾಸಿ.

ನನ್ನ ತಕರಾರು ಬೇರೆ ಇದೆ. ಗುಂಡಿ ಒತ್ತಿದರೆ ಹಾಳೆ ಬರುತ್ತದೆ ಎಂದಾದ ಮೇಲೆ ಮಗು ಇನ್ನೊಂದು, ಮತ್ತೊಂದು ಎಂದು ಕೇಳುತ್ತಲೇ ಹೋಗುತ್ತದೆ. ಬಣ್ಣದ ಡಬ್ಬಿ ಮುಚ್ಚಿಯೇ ಇರುತ್ತದೆ. ಒಂದು ಸಲಕ್ಕೆ ಒಂದೇ ಚಿತ್ರ ಎಂದು ಮೊದಲೇ ಮಾತಾಡಿಕೊಳ್ಳಿ. ಪ್ರಿಂಟ್ ಆದ ಮೇಲೆ ಮಗು ಅದಕ್ಕೆ ಕೈಯಾರೆ ಏನಾದರೂ ಸೇರಿಸಲು ಒಂದು ಮೂಲೆ ಖಾಲಿ ಬಿಡಿ.

ಮಗುವೇ ಬಿಡಿಸಿದ ಚಿತ್ರವನ್ನು ಬಣ್ಣದ ಹಾಳೆ ಮಾಡಬಹುದೇ?

ಮಾಡಬಹುದು. ನನ್ನನ್ನು ಕೇಳಿದರೆ ಉಳಿದೆಲ್ಲ ವಿಧಾನಗಳಿಗಿಂತ ಇದೇ ಮೇಲು.

ಮೂರು, ನಾಲ್ಕರ ವಯಸ್ಸಿನಲ್ಲಿ ಮಕ್ಕಳು ಬಿಡಿಸುವ ಮನುಷ್ಯನಿಗೆ ಒಂದು ದೊಡ್ಡ ತಲೆ, ತಲೆಯಿಂದಲೇ ಇಳಿದ ಎರಡು ಕಾಲು. ಹೊಟ್ಟೆಗೆ ಜಾಗವಿಲ್ಲ. ಮುಂದೆ ಮನೆ ಬಿಡಿಸಿದರೆ ಗೋಡೆಯ ಮೂಲಕವೇ ಒಳಗಿನ ಮಂಚ, ಮಂಚದ ಮೇಲಿನ ಅಜ್ಜಿ ಕಾಣುತ್ತಾರೆ. ಮಗು ಕಂಡದ್ದನ್ನಲ್ಲ, ತನಗೆ ಗೊತ್ತಿರುವುದನ್ನು ಬಿಡಿಸುತ್ತದೆ ಎಂದು ಮಕ್ಕಳ ಚಿತ್ರಗಳನ್ನು ಅಧ್ಯಯನ ಮಾಡಿದ ಫ್ರಾನ್ಸಿನ ಜಾರ್ಜ್ ಆನ್ರಿ ಲ್ಯೂಕೆ 1927ರಲ್ಲೇ ವಿವರಿಸಿದ್ದರು. ಆದ್ದರಿಂದ ಕಾಲು ಎಲ್ಲಿಂದ ಬಂತು ಎಂದು ತಿದ್ದಲು ಹೋಗಬೇಡಿ. ತಿದ್ದಿದ ಕ್ಷಣವೇ ಆ ಚಿತ್ರ ನಿಮ್ಮದಾಯಿತು.

ಕೆಲಸ ಹೀಗೆ ಮಾಡಿ. ಮಗು ಪೆನ್ಸಿಲಿನಲ್ಲಿ ಬಿಡಿಸಿದ ಮೇಲೆ, ಉಳಿಸಬೇಕಾದ ಗೆರೆಗಳನ್ನು ಅದೇ ಬೆರಳಿಟ್ಟು ತೋರಿಸಲಿ. ಅವುಗಳ ಮೇಲೆ ಕಪ್ಪು ಪೆನ್ನಿನಲ್ಲಿ ನೀವೋ ಮಗುವೋ ಹಾಯಿರಿ. ಶಾಯಿ ಪೂರ್ತಿ ಒಣಗಿದ ಮೇಲೆ ಪೆನ್ಸಿಲ್ ಅಳಿಸಿ. ಅವಸರ ಮಾಡಿದರೆ ರಬ್ಬರ್ ಶಾಯಿಯನ್ನೇ ಬಳಿದುಕೊಂಡು ಹೋಗುತ್ತದೆ. ಆಮೇಲೆ ಸ್ಕ್ಯಾನ್ ಮಾಡಿ ಅಥವಾ ಮೊಬೈಲಿನ ಸ್ಕ್ಯಾನ್ ಸೌಲಭ್ಯದಲ್ಲಿ ತೆಗೆಯಿರಿ.

ಅಳಿಸುವ ತಾಪತ್ರಯವೇ ಬೇಡವೆಂದರೆ ಮೊದಲ ಚಿತ್ರವನ್ನು ತಿಳಿನೀಲಿ ಪೆನ್ಸಿಲಿನಲ್ಲಿ ಬಿಡಿಸಲು ಹೇಳಿ. ಅಚ್ಚಿನ ಕೆಲಸದವರೂ ಕಾಮಿಕ್ಸ್ ಕಲಾವಿದರೂ ಬಹಳ ಕಾಲದಿಂದ ಬಳಸಿದ ಉಪಾಯ ಇದು. ಮೇಲೆ ಕಪ್ಪು ಶಾಯಿ ಹಾಯ್ದು, ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಚಿತ್ರದ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣದ ಭಾಗಗಳಲ್ಲಿ (ಚಾನೆಲ್) ನೀಲಿಯೊಂದನ್ನೇ ಉಳಿಸಿಕೊಂಡರೆ ನೀಲಿ ಗೆರೆ ಬಹುತೇಕ ಬಿಳಿಯಾಗಿ ಮಾಯವಾಗುತ್ತದೆ, ಕಪ್ಪು ಮಾತ್ರ ನಿಲ್ಲುತ್ತದೆ.

ಇದರಲ್ಲಿ ಇನ್ನೊಂದು ಲಾಭವಿದೆ. ಒಂದೇ ಚಿತ್ರವನ್ನು ಹತ್ತು ಪ್ರತಿ ತೆಗೆದು ಮಗು ಗೆಳೆಯರಿಗೆ ಹಂಚಬಹುದು. ತಾನು ಬಿಡಿಸಿದ ನಾಯಿಗೆ ಒಬ್ಬ ಹಸಿರು, ಇನ್ನೊಬ್ಬ ಪಟ್ಟೆ ಪಟ್ಟೆ ಹಚ್ಚಿ ತಂದಾಗ ಮಗುವಿನ ಮುಖ ನೋಡಬೇಕು. ಕೆಲವರು ಹಿಗ್ಗುತ್ತಾರೆ, ಕೆಲವರು ಜಗಳಕ್ಕೇ ನಿಲ್ಲುತ್ತಾರೆ.

ಹೆಸರನ್ನು ಕನ್ನಡದಲ್ಲಿ ಟೊಳ್ಳಕ್ಷರವಾಗಿ ಹಾಕುವುದು ಹೇಗೆ?

ಮೊದಲು ಸರಿಯಾದ ಅಕ್ಷರ ಶೈಲಿ ಆರಿಸಿ. ತೆಳು ಅಕ್ಷರದ ಒಳಗೆ ಬಣ್ಣ ತುಂಬಲು ಜಾಗವಿರುವುದಿಲ್ಲ. ತೀರ ದಪ್ಪವಾದರೆ ‘ಠ’, ‘ರ’ ಇವುಗಳ ನಡುವಿನ ಖಾಲಿ ಜಾಗ ಮುಚ್ಚಿಹೋಗುತ್ತದೆ. ದುಂಡಗೆ, ಗುಂಡುಗುಂಡಾಗಿರುವ ಬಾಲೂ ತಮ್ಮ ಎಂಬ ಉಚಿತ ಫಾಂಟ್ ಮಕ್ಕಳ ಹಾಳೆಗೆ ಒಪ್ಪುತ್ತದೆ. ನೋಟೊ ಸಾನ್ಸ್ ಕನ್ನಡದ ದಪ್ಪ ರೂಪವೂ ನಡೆಯುತ್ತದೆ. ವರ್ಡ್ ಅಥವಾ ಲಿಬ್ರೆ ಆಫೀಸ್‌ನಲ್ಲಿ ಹೆಸರು ಟೈಪ್ ಮಾಡಿ, ಹಾಳೆಯ ಅಗಲಕ್ಕೆ ಹಿಗ್ಗಿಸಿ, ಒಳಬಣ್ಣ ತೆಗೆದು ಹೊರಗೆರೆ ಮಾತ್ರ ಇಡಿ.

ಇಲ್ಲೊಂದು ತೊಡಕು ಬರಬಹುದು. ಕೆಲವು ಫಾಂಟ್‌ಗಳಲ್ಲಿ ಗುಣಿತದ ಚಿಹ್ನೆಯೂ ಮೂಲ ಅಕ್ಷರವೂ ಒಂದರ ಮೇಲೊಂದು ಏರಿ ಕುಳಿತಿರುತ್ತವೆ. ತುಂಬಿದ ಅಕ್ಷರದಲ್ಲಿ ಅದು ಕಾಣುವುದಿಲ್ಲ, ಟೊಳ್ಳು ಮಾಡಿದಾಗ ಒಳಗೆ ಬೇಡದ ಅಡ್ಡಗೆರೆ ಎದ್ದು ಬರುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಅಕ್ಷರವನ್ನು ಪಾತ್, ಅಂದರೆ ಗೆರೆಯ ಆಕೃತಿಯಾಗಿ ಬದಲಿಸಿ, ‘ಯೂನಿಯನ್’ ಕೊಟ್ಟರೆ ಎರಡೂ ಬೆಸೆದುಕೊಳ್ಳುತ್ತವೆ. ಅಷ್ಟು ದೂರ ಹೋಗುವ ಮನಸ್ಸಿಲ್ಲದಿದ್ದರೆ ದಪ್ಪ ಅಕ್ಷರವನ್ನು ಪ್ರಿಂಟ್ ತೆಗೆದು ಕಿಟಕಿಯ ಗಾಜಿನ ಮೇಲಿಟ್ಟು ಹೊರಗೆರೆಯನ್ನು ಕೈಯಲ್ಲೇ ಎಳೆಯಿರಿ.

ಗೆರೆ ಎಷ್ಟು ದಪ್ಪವಿರಬೇಕು?

ಮೂರು ವರ್ಷದ ಆಸುಪಾಸಿಗೆ 3 ಮಿಲಿಮೀಟರ್, ಐದಾರರ ಮಕ್ಕಳಿಗೆ ಒಂದೂವರೆ, ದೊಡ್ಡ ಮಕ್ಕಳಿಗೆ ಅರ್ಧದಿಂದ ಒಂದು ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ಇದು ಕಟ್ಟುನಿಟ್ಟಿನ ನಿಯಮವಲ್ಲ. ದಪ್ಪ ಗೆರೆ ಕ್ರೇಯಾನ್ ಚೂರು ಹೊರಗೆ ಹೋದರೂ ಮುಚ್ಚಿಕೊಳ್ಳುತ್ತದೆ, ಅದಕ್ಕೇ ಚಿಕ್ಕವರಿಗೆ ಹಿತ. ತಂತ್ರಾಂಶಗಳು ದಪ್ಪವನ್ನು ಪಾಯಿಂಟ್‌ನಲ್ಲಿ ಕೇಳುತ್ತವೆ. 1 ಪಾಯಿಂಟ್ ಅಂದರೆ ಸುಮಾರು 0.35 ಮಿಲಿಮೀಟರ್.

ದಪ್ಪಕ್ಕಿಂತ ಮುಖ್ಯವಾದದ್ದು ಅತ್ಯಂತ ಚಿಕ್ಕ ಕೋಣೆಯ ಅಳತೆ. ಮಗು ಬಳಸುವ ಕ್ರೇಯಾನಿನ ಮೊನೆ ಹಿಡಿಸದಷ್ಟು ಇಕ್ಕಟ್ಟಾದ ಜಾಗ ಹಾಳೆಯಲ್ಲಿ ಇದ್ದರೆ ಅದನ್ನು ತೆಗೆದುಬಿಡಿ.

ಪ್ರಿಂಟ್ ತೆಗೆದರೆ ಗೆರೆ ಮಬ್ಬಾಗಿ ಬರುತ್ತದೆ, ಅಂಚು ಕತ್ತರಿಸಿ ಹೋಗುತ್ತದೆ. ಯಾಕೆ?

ಎ4 ಹಾಳೆ 210 × 297 ಮಿಲಿಮೀಟರ್. ಇಂಚಿಗೆ 300 ಚುಕ್ಕೆಯಂತೆ ಅಚ್ಚಾಗಬೇಕಾದರೆ ಚಿತ್ರ 2480 × 3508 ಪಿಕ್ಸೆಲ್ ಇರಬೇಕು. ಇದಕ್ಕಿಂತ ತೀರ ಚಿಕ್ಕದಿದ್ದರೆ ಗೆರೆಯ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ಜೆಪಿಜಿ ಬದಲು ಪಿಎನ್‌ಜಿ ಅಥವಾ ಪಿಡಿಎಫ್ ಆಗಿ ಉಳಿಸಿ, ಜೆಪಿಜಿಯಲ್ಲಿ ಗೆರೆಯ ಸುತ್ತ ಬೂದು ಧೂಳು ಕೂರುತ್ತದೆ. ಹೆಚ್ಚಿನ ಪ್ರಿಂಟರ್‌ಗಳು ಹಾಳೆಯ ತುದಿಯವರೆಗೆ ಅಚ್ಚು ಹಾಕುವುದಿಲ್ಲ. ಸುತ್ತ 10 ಮಿಲಿಮೀಟರ್ ಖಾಲಿ ಬಿಡಿ.

ಸ್ಕೆಚ್ ಪೆನ್ ತಾಗಿದರೆ ಕಪ್ಪು ಗೆರೆ ಹರಡಿ ಎಲ್ಲ ಕೊಳಕಾಗುತ್ತದೆ.

ಇಂಕ್‌ಜೆಟ್ ಪ್ರಿಂಟರಿನ ಕೆಲಸ ಅದು. ಅದರ ಡೈ ಶಾಯಿ ನೀರಿಗೆ ಕರಗುತ್ತದೆ, ಸ್ಕೆಚ್ ಪೆನ್ನಿನಲ್ಲಿರುವುದೂ ನೀರೇ. ಲೇಸರ್ ಪ್ರಿಂಟರಿನಲ್ಲಿ ಟೋನರ್ ಎಂಬ ಪ್ಲಾಸ್ಟಿಕ್ ಪುಡಿಯನ್ನು ಶಾಖದಿಂದ ಕಾಗದಕ್ಕೆ ಬೆಸೆಯುತ್ತಾರೆ, ಅದು ನೀರಿಗೆ ಜಗ್ಗುವುದಿಲ್ಲ. ಮನೆಯಲ್ಲಿ ಇಂಕ್‌ಜೆಟ್ ಮಾತ್ರ ಇದ್ದರೆ ಒಂದು ಪ್ರತಿ ತೆಗೆದು ಅದರ ಜೆರಾಕ್ಸ್ ಮಾಡಿಸಿ, ಜೆರಾಕ್ಸ್ ಯಂತ್ರವೂ ಟೋನರನ್ನೇ ಬಳಸುತ್ತದೆ. ಕ್ರೇಯಾನ್, ಬಣ್ಣದ ಪೆನ್ಸಿಲ್‌ಗಳಿಗೆ ಈ ಗೊಡವೆ ಇಲ್ಲ.

ಕಾಗದದ ಮಾತು: ಮಾಮೂಲಿ ಪ್ರಿಂಟರ್ ಹಾಳೆ 70ರಿಂದ 80 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ಗ್ರಾಂ ತೂಕ), ಕ್ರೇಯಾನಿಗೆ ಸಾಕು. ಸ್ಕೆಚ್ ಪೆನ್ನಿಗೆ 100ರಿಂದ 120 ಇರಲಿ, ಕೆಳಗೊಂದು ರದ್ದಿ ಹಾಳೆಯೂ ಇರಲಿ. ಜಲವರ್ಣಕ್ಕೆ 200ಕ್ಕಿಂತ ಕಡಿಮೆಯದು ಸುಕ್ಕುಗಟ್ಟುತ್ತದೆ. ಅಷ್ಟು ದಪ್ಪದ ಹಾಳೆಯನ್ನು ನಿಮ್ಮ ಪ್ರಿಂಟರ್ ನುಂಗುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಬಣ್ಣಗಳ ಸುರಕ್ಷತೆಗೆ ಏನು ನೋಡಬೇಕು?

ಡಬ್ಬಿಯ ಮೇಲೆ ವಯಸ್ಸಿನ ಸೂಚನೆ ಮತ್ತು ಆಟಿಕೆ ಸುರಕ್ಷತೆಯ ಮಾನದಂಡದ ಗುರುತು. ಯೂರೋಪಿನ ಇಎನ್ 71 ಮಾನದಂಡದ ಮೂರನೆಯ ಭಾಗ ಸೀಸ, ಕ್ಯಾಡ್ಮಿಯಂನಂಥ ವಸ್ತುಗಳು ಎಷ್ಟರ ಮಟ್ಟಿಗೆ ಹೊರಬರಬಹುದು ಎಂಬುದಕ್ಕೆ ಮಿತಿ ಹಾಕುತ್ತದೆ. ಪೆನ್ನಿನ ಮುಚ್ಚಳದ ತುದಿಯಲ್ಲಿ ತೂತು ಇದೆಯೇ ನೋಡಿ. ಮಗು ನುಂಗಿ ಗಂಟಲಿಗೆ ಸಿಕ್ಕಿದರೂ ಉಸಿರಾಡಲು ತುಸು ದಾರಿ ಇರಲಿ ಎಂದೇ ಆ ತೂತು. ಅದಕ್ಕೆ ಐಎಸ್‌ಒ 11540 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಮೂರು ತುಂಬದ ಮಕ್ಕಳಿಗೆ ಮುಚ್ಚಳವಿಲ್ಲದ ದಪ್ಪ ಕ್ರೇಯಾನ್ ಮೇಲು. ಘಾಟು ವಾಸನೆಯ ಪರ್ಮನೆಂಟ್ ಮಾರ್ಕರ್ ನಿಮ್ಮ ಕೈಯಲ್ಲೇ ಇರಲಿ.

ಮಗು ಗೆರೆ ದಾಟುತ್ತದೆ. ಎಲೆಗೆ ಕಂದು, ನಾಯಿಗೆ ಹಸಿರು ಹಚ್ಚುತ್ತದೆ. ತಿದ್ದಬೇಕೇ?

ಬೇಡ. ಗೆರೆಯೊಳಗೆ ನಿಲ್ಲುವುದು ಬೆರಳಿನ ಹಿಡಿತದ ಸಂಗತಿ, ಅದು ತಾನಾಗಿ ಬರುತ್ತದೆ. ಹಸಿರು ನಾಯಿ ಕಲ್ಪನೆಯ ಸಂಗತಿ, ಅದನ್ನು ತಿದ್ದಿದರೆ ಹೋಗುತ್ತದೆ.

ಒಂದೇ ಒಂದು ವಿಷಯಕ್ಕೆ ಕಣ್ಣಿಡಿ. ಮಗು ಬೇಕೆಂದೇ ಬೇರೆ ಬಣ್ಣ ಹಚ್ಚುತ್ತಿದೆಯೇ, ಅಥವಾ ಕೆಂಪು, ಹಸಿರು, ಕಂದು ಬಣ್ಣಗಳಲ್ಲಿ ಯಾವಾಗಲೂ ಗೊಂದಲ ಮಾಡಿಕೊಳ್ಳುತ್ತಿದೆಯೇ? ಕೆಂಪು–ಹಸಿರು ವರ್ಣಾಂಧತೆಗೆ ಕಾರಣವಾದ ಜೀನ್ ಎಕ್ಸ್ ವರ್ಣತಂತುವಿನಲ್ಲಿ ಇರುವುದರಿಂದ ಅದು ಹುಡುಗರಲ್ಲಿ ಹೆಚ್ಚು. ಉತ್ತರ ಯೂರೋಪ್ ಮೂಲದವರಲ್ಲಿ ಸುಮಾರು 12 ಗಂಡಸರಲ್ಲಿ ಒಬ್ಬರಿಗೆ ಇದೆ. ಅನುಮಾನ ಬಂದರೆ ಕಣ್ಣಿನ ವೈದ್ಯರನ್ನು ಕಾಣಿ. ಅಲ್ಲಿಯವರೆಗೆ ಕ್ರೇಯಾನ್‌ಗಳ ಮೇಲೆ ಬಣ್ಣದ ಹೆಸರು ಬರೆದ ಚೀಟಿ ಅಂಟಿಸಿ.

ಬಣ್ಣ ತುಂಬುವ ಹಾಳೆಗಳು ಸೃಜನಶೀಲತೆ ಕುಗ್ಗಿಸುತ್ತವೆ ಎನ್ನುತ್ತಾರಲ್ಲ?

ಹಳೆಯ ಜಗಳ ಇದು. ಕಲಾ ಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1940ರ ದಶಕದಲ್ಲೇ ಇಂಥ ಪುಸ್ತಕಗಳನ್ನು ಕಟುವಾಗಿ ಟೀಕಿಸಿದ್ದರು. ಅಚ್ಚುಕಟ್ಟಾದ ನಾಯಿಯ ಹೊರಗೆರೆಗೆ ಬಣ್ಣ ತುಂಬಿದ ಮಗುವಿಗೆ ಮುಂದೆ ತಾನು ಬಿಡಿಸಿದ ನಾಯಿ ಕಳಪೆ ಅನ್ನಿಸುತ್ತದೆ, ‘ನನಗೆ ಬರುವುದಿಲ್ಲ’ ಎಂದು ಕೈಬಿಡುತ್ತದೆ ಎಂಬುದು ಅವರ ವಾದದ ತಿರುಳು.

ಈ ವಾದವನ್ನು ನಾನು ಅರ್ಧ ಒಪ್ಪುತ್ತೇನೆ. ದೊಡ್ಡವರ ನಾಜೂಕು ಗೆರೆ ಮಗುವಿನ ಕೈಯನ್ನು ಹೆದರಿಸುವುದು ನಿಜ. ಆದರೆ ಗೆರೆಯೇ ಮಗುವಿನದಾದಾಗ ಈ ಆಕ್ಷೇಪಕ್ಕೆ ನೆಲೆಯಿಲ್ಲ. ನಡುವಿನ ದಾರಿಯೂ ಒಂದಿದೆ: ಚಿತ್ರವನ್ನು ಕಪ್ಪಿನ ಬದಲು ತೀರ ತಿಳಿ ಬೂದಿನಲ್ಲಿ ಪ್ರಿಂಟ್ ತೆಗೆಯಿರಿ. ಯಾವ ಗೆರೆ ಉಳಿಯಬೇಕೋ ಅದರ ಮೇಲೆ ಮಗು ಕಪ್ಪು ಪೆನ್ ಹಾಯಲಿ, ಉಳಿದದ್ದನ್ನು ಬಣ್ಣದಲ್ಲಿ ಮುಳುಗಿಸಲಿ. ಫೋಟೊದಲ್ಲಿ ಇದ್ದ ಕುರ್ಚಿ ಮಗುವಿನ ಹಾಳೆಯಲ್ಲಿ ಹಡಗಾಗಿ ಹೊರಟದ್ದನ್ನು ನೋಡುವಿರಿ.

ಟಿವಿಯ ಕಾರ್ಟೂನ್ ಪಾತ್ರದ ಜೊತೆ ಮಗುವಿನ ಚಿತ್ರ ಸೇರಿಸಬಹುದೇ?

ಮನೆಯೊಳಗೆ ಮಗು ಬಿಡಿಸಿ ಬಣ್ಣ ಹಚ್ಚಿದರೆ ಯಾರೂ ಬಾಗಿಲು ತಟ್ಟುವುದಿಲ್ಲ. ಅದನ್ನೇ ಮಾರಿದರೆ, ಅಥವಾ ಎಲ್ಲರೂ ಇಳಿಸಿಕೊಳ್ಳಲಿ ಎಂದು ಅಂತರಜಾಲದಲ್ಲಿ ಇಟ್ಟರೆ ಹಕ್ಕುಸ್ವಾಮ್ಯದ ಪ್ರಶ್ನೆ ಬರುತ್ತದೆ. ಬರ್ನ್ ಒಪ್ಪಂದ ಎಂಬ ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಕೃತಿಗೆ ಸಾಮಾನ್ಯವಾಗಿ ಕರ್ತೃವಿನ ಜೀವಿತಾವಧಿ ಮತ್ತು ಅನಂತರದ ಕನಿಷ್ಠ 50 ವರ್ಷ ರಕ್ಷಣೆ ಇರುತ್ತದೆ. ಎಷ್ಟೋ ದೇಶಗಳಲ್ಲಿ ಇನ್ನೂ ಹೆಚ್ಚು. ಮಗುವಿನ ಸ್ವಂತ ಪಾತ್ರಕ್ಕೆ ಈ ಯಾವ ತಲೆನೋವೂ ಇಲ್ಲ, ಹಕ್ಕೂ ಅದರದೇ.

ಫೋಟೊವನ್ನು ಗೆರೆಚಿತ್ರ ಮಾಡಿಕೊಡುವ ಜಾಲತಾಣಗಳಿಗೆ ಮಗುವಿನ ಫೋಟೊ ಹಾಕುವುದು ಸುರಕ್ಷಿತವೇ?

ಹಾಕದೆ ಕೆಲಸ ಆಗುವುದಾದರೆ ಹಾಕಬೇಡಿ. ಗಿಂಪ್, ಇಂಕ್‌ಸ್ಕೇಪ್ ನಿಮ್ಮ ಕಂಪ್ಯೂಟರಿನಲ್ಲೇ ಕೆಲಸ ಮಾಡುತ್ತವೆ, ಚಿತ್ರ ಎಲ್ಲಿಗೂ ಹೋಗುವುದಿಲ್ಲ. ಹಾಕಲೇಬೇಕಾದರೆ ಸಮವಸ್ತ್ರ, ಶಾಲೆಯ ಹೆಸರು, ಮನೆಯ ಸಂಖ್ಯೆ ಕಾಣದಂತೆ ಕತ್ತರಿಸಿ. ಮೊಬೈಲ್ ಫೋಟೊದ ಒಡಲಲ್ಲಿ ಅದನ್ನು ತೆಗೆದ ಜಾಗದ ಅಕ್ಷಾಂಶ, ರೇಖಾಂಶವೂ ಅಡಗಿರಬಹುದು. ಕಳುಹಿಸುವ ಮುನ್ನ ಸ್ಥಳದ ಮಾಹಿತಿ ಅಳಿಸಿ. ಹಾಕಿದ ಚಿತ್ರವನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ತಮ್ಮ ಯಂತ್ರಕ್ಕೆ ಕಲಿಸಲು ಬಳಸುತ್ತಾರೆಯೇ ಎಂಬುದನ್ನು ನಿಯಮಗಳಲ್ಲಿ ಹುಡುಕಿ. ಅದು ಸಿಗದಿದ್ದರೆ ಆ ತಾಣ ಬಿಡಿ.

ಗೆಳೆಯರ ಮಕ್ಕಳ ಫೋಟೊ ಆಗಿದ್ದರೆ ಅವರ ಹೆತ್ತವರನ್ನು ಕೇಳದೆ ಮುಂದುವರಿಯಬೇಡಿ.

ದೃಷ್ಟಿ ಕಡಿಮೆ ಇರುವ ಮಗುವಿಗೆ?

ಗೆರೆಯನ್ನು ಬೆರಳಿಗೆ ಸಿಗುವಂತೆ ಮಾಡಿ. ದಪ್ಪ ಹಾಳೆಯ ಮೇಲೆ ಗೆರೆಯುದ್ದಕ್ಕೂ ಬಿಳಿ ಅಂಟನ್ನು ಸಣ್ಣ ಧಾರೆಯಾಗಿ ಬಿಟ್ಟು ಒಂದು ರಾತ್ರಿ ಒಣಗಿಸಿದರೆ ಉಬ್ಬು ಗೆರೆ ಸಿಗುತ್ತದೆ. ಉಣ್ಣೆಯ ದಾರ ಅಂಟಿಸಿದರೂ ಆದೀತು. ಕ್ರೇಯಾನ್ ಆ ಉಬ್ಬಿಗೆ ತಾಗಿ ನಿಲ್ಲುತ್ತದೆ. ಬೆರಳಿನ ಹಿಡಿತ ಸಾಲದ ಮಕ್ಕಳಿಗೂ ಇದೇ ಹಾಳೆ ಅನುಕೂಲ. ಎಡಗೈ ಮಗುವಿಗೆ ನೋಡಿ ಹಚ್ಚಬೇಕಾದ ಮಾದರಿ ಚಿತ್ರವನ್ನು ಹಾಳೆಯ ಬಲಗಡೆ ಇಡಿ, ಎಡಗಡೆ ಇಟ್ಟರೆ ಅದರ ಕೈಯೇ ಮುಚ್ಚಿಬಿಡುತ್ತದೆ.

ಹಾಳೆಗಳನ್ನು ಪುಸ್ತಕ ಮಾಡುವುದು ಹೇಗೆ?

ಎ4 ಹಾಳೆಯನ್ನು ನಡುವೆ ಮಡಿಸಿದರೆ ಎ5 ಅಳತೆಯ ನಾಲ್ಕು ಪುಟ ಬರುತ್ತದೆ. ಆದ್ದರಿಂದ ಪುಟಗಳ ಸಂಖ್ಯೆ ನಾಲ್ಕರ ಗುಣಕದಲ್ಲಿರಲಿ: 8, 12, 16. ಮೊದಲು ಖಾಲಿ ಹಾಳೆಗಳನ್ನು ಮಡಿಸಿ, ಪುಟಸಂಖ್ಯೆ ಬರೆದು, ಬಿಚ್ಚಿ ನೋಡಿ; ಒಂದನೆಯ ಪುಟದ ಪಕ್ಕದಲ್ಲಿ ಕೊನೆಯ ಪುಟ ಬಂದಿರುತ್ತದೆ. ಆ ಮಾದರಿ ಇಟ್ಟುಕೊಂಡೇ ಚಿತ್ರ ಜೋಡಿಸಿ. ಮಡಿಕೆಯ ಮೇಲೆ ಎರಡು ಸ್ಟೇಪ್ಲರ್ ಪಿನ್ ಹೊಡೆದರೆ ಆಯಿತು. ಪಿನ್ನಿನ ಚೂಪು ತುದಿಗಳು ಒಳಮುಖವಾಗಿ ಪೂರ್ತಿ ಮಡಚಿರಲಿ. ಸ್ಕೆಚ್ ಪೆನ್ ಬಳಸುವ ಮಕ್ಕಳಿಗೆ ಚಿತ್ರದ ಹಿಂಬದಿ ಖಾಲಿ ಬಿಡಿ, ಅಲ್ಲಿ ಆ ಚಿತ್ರದ ಕತೆಯನ್ನು ಮಗು ಹೇಳಿದ ಮಾತಿನಲ್ಲೇ ಬರೆದುಕೊಳ್ಳಬಹುದು. ದೊಡ್ಡದೇ ಬೇಕೆಂದರೆ ನಾಲ್ಕು ಎ4 ಹಾಳೆ ಜೋಡಿಸಿ ಎ2 ಮಾಡಿ ನೆಲಕ್ಕೆ ಹಾಸಿ.

ಇಬ್ಬರು ಮಕ್ಕಳು, ವಯಸ್ಸು ಬೇರೆ ಬೇರೆ. ಒಂದೇ ಹಾಳೆ ಸಾಧ್ಯವೇ?

ಸಾಧ್ಯ. ಚಿಕ್ಕವನಿಗೆ ಆಕಾಶ, ನೆಲ, ದೊಡ್ಡ ಮರ. ದೊಡ್ಡವಳಿಗೆ ಅಂಗಿಯ ಹೂವು, ಕಿಟಕಿಯ ಸರಳು. ಯಾವುದು ಯಾರದು ಎಂದು ಶುರುವಿನಲ್ಲೇ ಅಕ್ಷರ ಬರೆದು ಗುರುತು ಮಾಡಿ. ಅಥವಾ ಎರಡು ಪ್ರತಿ ತೆಗೆದು ಶಾಂತಿಯಿಂದಿರಿ.

ಇಷ್ಟೆಲ್ಲ ಮಾಡಿದ ಮೇಲೆ ಮಗು ಅರ್ಧ ಹಚ್ಚಿ ಎದ್ದುಹೋಯಿತು!

ಹೋಗಲಿ. ಏನು ಬೇಕು, ಏನು ಬೇಡ ಎಂದು ಅದು ಆಗಲೇ ಮಾಡಿದ ಕೆಲಸ ಕಡಿಮೆಯದಲ್ಲ. ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ತಾರೀಖು ಬರೆದು, ಬಿಸಿಲು ಬೀಳದ ಕಡೆ ಇಡಿ, ಸ್ಕೆಚ್ ಪೆನ್ನಿನ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ. ಗೆರೆಚಿತ್ರದ ಮೂಲ ಫೈಲನ್ನು ಮಾತ್ರ ಅಳಿಸಬೇಡಿ. ತಿಂಗಳ ನಂತರ ಮಗು ಅದೇ ಚಿತ್ರ ಬೇಕೆಂದು ಕೇಳಿಕೊಂಡು ಬರುವುದುಂಟು, ಬಹುಶಃ ಈ ಸಲ ಕನ್ನಡಕ ಸೇರಿಸಿ ಎಂದು.